ಹಿರಿಯರ ಆರೋಗ್ಯ ಪ್ರಶ್ನೋತ್ತರ: ಸೂರ್ಯನಿಗಿಂತ ಮುಂಚೆ ಪಾರ್ಕಿಗೆ ಏನವಸರ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ಮಾವನವರಿಗೆ 74 ವರ್ಷ. ಬಿ.ಪಿ. ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಚಳಿಯಿರಲಿ, ಮಂಜಿರಲಿ, ಐದೂವರೆಗೆಲ್ಲ ಮಂಕಿ ಕ್ಯಾಪ್ ಏರಿಸಿಕೊಂಡು ಲಾಲ್‌ಬಾಗಿಗೆ ಹೊರಟುಬಿಡುತ್ತಾರೆ. ಹೋದ ವಾರ ನಡೆಯುವಾಗ ಎದೆ ಹಿಡಿದ ಹಾಗಾಗಿ, ಬೆಂಚಿನ ಮೇಲೆ ಐದು ನಿಮಿಷ ಕೂತಿದ್ದು ಎದ್ದು ಬಂದರಂತೆ. ಇದನ್ನು ಹೇಳಿದ್ದು ಅವರಲ್ಲ, ಅವರ ಗೆಳೆಯರು. ಕೇಳಿದರೆ 'ಬೆಂಗಳೂರಿನದೂ ಒಂದು ಚಳಿಯೇನಮ್ಮ?' ಅಂತ ನಗುತ್ತಾರೆ. ಏಳೂಮುಕ್ಕಾಲಿಗೆ ವಾಪಸ್ ಬಂದು ನಮ್ಮ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದೂ ಅವರೇ. ಚಳಿಗಾಲ ಮುಗಿಯುವ ತನಕ ವಾಕಿಂಗ್ ನಿಲ್ಲಿಸಿ ಅಂತ ನೀವಾದರೂ ಬರೆಯಿರಿ.
(ಒಬ್ಬ ಸೊಸೆ, ಬಸವನಗುಡಿ)

ಉತ್ತರ: ಮೊದಲು ಎದೆಯ ವಿಷಯ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅವರನ್ನು ಹೃದ್ರೋಗ ತಜ್ಞರಿಗೆ ತೋರಿಸಿರುತ್ತೀರಿ ಅಂದುಕೊಂಡಿದ್ದೇನೆ. ಇಲ್ಲವಾದರೆ ಪತ್ರಿಕೆ ಮಡಿಸಿಟ್ಟು ಇವತ್ತೇ ಹೊರಡಿ. ನಡೆದಾಗ ಹಿಡಿದು, ಕೂತಾಗ ಬಿಡುವ ಎದೆಬಿಗಿತವನ್ನು ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕುವ ಹಾಗಿಲ್ಲ, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರು. ಕೂತ ಮೇಲೂ ಬಿಡದಿದ್ದರೆ ಮನೆಗೆ ಫೋನ್ ಮಾಡುತ್ತ ಕೂರುವುದಲ್ಲ, 108ಕ್ಕೆ ಮಾಡಬೇಕು. ಈ ಮಾತನ್ನು ಅವರ ಗೆಳೆಯರಿಗೂ ಹೇಳಿಡಿ. ಅಲ್ಲಿ ಪಕ್ಕದಲ್ಲಿರುವವರು ಅವರೇ ತಾನೆ.

ಇನ್ನು 'ಇದೂ ಒಂದು ಚಳಿಯೇ' ಅನ್ನುವ ಮಾತು. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು, ಅದು ದಾಖಲೆ. ಈಗ ಡಿಸೆಂಬರ್ ಬೆಳಗಿನ ಜಾವ 15-16ರ ಆಸುಪಾಸು ಇರುತ್ತದೆ. ಇಪ್ಪತ್ತರ ಹುಡುಗರಿಗೆ ಅದು ಹಿತ. ವಯಸ್ಸಾದವರಿಗೆ ಚರ್ಮದಡಿಯ ಕೊಬ್ಬು ಕರಗಿರುತ್ತದೆ, ನಡುಕ ತಡವಾಗಿ ಹುಟ್ಟುತ್ತದೆ, ಮೈ ತಣ್ಣಗಾಗಿದ್ದು ಗೊತ್ತಾಗುವುದೂ ತಡವಾಗಿಯೇ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ಬಿ.ಪಿ. ಏರುತ್ತದೆ. ನಿದ್ದೆಯಿಂದ ಎದ್ದ ಹೊತ್ತಿಗೆ ಅದು ಹೇಗೂ ಏರುವಂಥದ್ದೇ. ಈ ಎರಡರ ಜೊತೆಗೆ ನಮ್ಮವರ ಬೀಸುನಡಿಗೆ ಸೇರಿಕೊಂಡರೆ ಎದೆ ಹಿಡಿಯದೆ ಇನ್ನೇನು?

ಆದರೆ ವಾಕಿಂಗ್ ನಿಲ್ಲಿಸಿ ಅಂತ ನಾನು ಬರೆಯುವುದಿಲ್ಲ. ಡಾಕ್ಟರು ನೋಡಿ ನಡೆಯಬಹುದು ಅಂದ ಮೇಲೆ ನಡೆಯಲಿ, ಹೊತ್ತು ಮಾತ್ರ ಬದಲಾಗಲಿ. ನನಗೂ 72. ಲಾಲ್‌ಬಾಗಿನಲ್ಲಿ ಬೆಳಗಿನ ಆರರ ಗುಂಪು ಬೇರೆ, ಒಂಬತ್ತರ ಗುಂಪು ಬೇರೆ. ಆರರವರು ಮಫ್ಲರ್ ಬಿಗಿದುಕೊಂಡು ಕತ್ತಲಲ್ಲಿ ಓಟಕ್ಕೆ ಬಿದ್ದಿರುತ್ತಾರೆ. ಒಂಬತ್ತರವರು ಬಿಸಿಲು ಬಿದ್ದ ಬೆಂಚು ಹುಡುಕಿ ಕೂರುತ್ತಾರೆ, ಮರದ ನೆರಳು ಸರಿದ ಹಾಗೆಲ್ಲ ತಾವೂ ಸರಿಯುತ್ತಾರೆ. ಒಬ್ಬ ಅಜ್ಜಿ ಬಟ್ಟೆ ಚೀಲದಲ್ಲಿ ಅವರೆಕಾಯಿ ತರುತ್ತಾರೆ. ಎರಡು ಸುತ್ತು ನಡೆದು, ಬೆಂಚಿನ ಮೇಲೆ ಹಳೇ ಪೇಪರ್ ಮಡಿಸಿ ಹಾಕಿಕೊಂಡು ಕೂತು, ಅಷ್ಟನ್ನೂ ಸುಲಿದು, ಸಿಪ್ಪೆಯನ್ನು ಅದೇ ಚೀಲಕ್ಕೆ ತುಂಬಿಕೊಂಡು ಹೊರಡುತ್ತಾರೆ. ಕಲ್ಲುಬೆಂಚು ರಾತ್ರಿಯಿಡೀ ಥಂಡಿ ಹೀರಿರುತ್ತದೆ. ಆ ಮಡಿಸಿದ ಪೇಪರಿನ ಬೆಲೆ ಸೊಂಟನೋವಿನವರಿಗೆ ಗೊತ್ತು.

ಡಿಸೆಂಬರ್ 21 ಕಳೆದರೆ ಸೂರ್ಯ ಬೇಗ ಹುಟ್ಟುತ್ತಾನೆ ಅಂದುಕೊಂಡಿದ್ದೇವೆ. ನಮ್ಮೂರಲ್ಲಿ ಹಾಗಿಲ್ಲ. ಸಂಕ್ರಾಂತಿ ದಿನ ಸೂರ್ಯೋದಯ 6.45ರ ಸುಮಾರಿಗೆ, ಕ್ರಿಸ್‌ಮಸ್‌ಗಿಂತಲೂ ತಡ. ಅಂದರೆ ನಿಮ್ಮ ಮಾವನವರು ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆಗೂ ಮುಂಚೆಯೇ ಹೊರಟಿರುತ್ತಾರೆ. 'ಬೆಳಗಿನ ಗಾಳಿ ಶುದ್ಧ' ಅನ್ನುವುದೂ ಚಳಿಗಾಲಕ್ಕೆ ಅಷ್ಟಾಗಿ ಹೊಂದದ ಮಾತು. ರಾತ್ರಿ ತಣ್ಣಗಾದ ಗಾಳಿ ನೆಲಕ್ಕಂಟಿ ಕೂತಿರುತ್ತದೆ. ಗಾಡಿಗಳ ಹೊಗೆ, ಕಸಕ್ಕೆ ಬೆಂಕಿ ಹಚ್ಚಿದ ಹೊಗೆ ಎಲ್ಲ ಅದರೊಳಗೇ ಸಿಕ್ಕಿಕೊಂಡಿರುತ್ತದೆ. ನೆಲ ಕಾದ ಮೇಲೇ ಅದು ಮೇಲಕ್ಕೇಳುವುದು. ವಿಟಮಿನ್ ಡಿ ಆಸೆಯಿಂದ ಮುಂಜಾನೆ ಹೋಗುವವರಿಗೂ ಒಂದು ಮಾತು: ನಿಮ್ಮ ನೆರಳು ನಿಮಗಿಂತ ಉದ್ದ ಇರುವ ತನಕ ಚರ್ಮದಲ್ಲಿ ಅದು ಹುಟ್ಟುವುದು ಅಷ್ಟಕ್ಕಷ್ಟೇ. ಎಳೆಬಿಸಿಲು ಮೈ ಕಾಯಿಸುತ್ತದೆ, ಅದಕ್ಕಾಗಿ ಕೂರಿ. ವಿಟಮಿನ್ ಡಿ ಬೇಕಾದರೆ ಹತ್ತರ ಮೇಲಿನ ಬಿಸಿಲು ಬೇಕು. ನಮ್ಮ ಬೀದಿಯ ಪಾರ್ಕಿಗೆ ಸರಿಯಾಗಿ ಹತ್ತಕ್ಕೇ ಬೀಗ ಬೀಳುತ್ತಿತ್ತು! ಗೇಟಿನ ಹೊರಗೆ ನಿಂತು ಒಳಗಿನ ಬಿಸಿಲು ನೋಡಿ ಬಂದಿದ್ದೇನೆ.

ಕತ್ತಲಲ್ಲಿ ನಡೆಯುವ ವಿಷಯದಲ್ಲಿ ನಾನೂ ಸಾಚಾ ಅಲ್ಲ. ಐದು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಆರು ಗಂಟೆಗೇ ಕೆರೆಯ ಪಕ್ಕ ಹೋಗುತ್ತಿದ್ದೆ. ಇಬ್ಬನಿಯಲ್ಲಿ ನೆನೆದ ಎಲೆಗಳು, ಕೆಳಗೆ ಪಾಚಿ. ಕಾಲು ಜಾರಿತು, ಬಲಗೈ ಊರಿದೆ, ಮಣಿಕಟ್ಟು ಮುರಿಯಿತು. ಆರು ವಾರ ಎಡಗೈಯಲ್ಲಿ ಅನ್ನ ಕಲಸಿದೆ. 'ಬೆಳಕು ಹರಿದ ಮೇಲೆ ಹೋಗಿ' ಅಂತ ಮೂವತ್ತು ವರ್ಷ ರೋಗಿಗಳಿಗೆ ಹೇಳಿದವಳು ನಾನೇ.

ಸಂಜೆಯೂ ಒಳ್ಳೆಯ ಹೊತ್ತು, ನಾಲ್ಕರಿಂದ ಐದೂವರೆ. ಲಾಲ್‌ಬಾಗಿನ ಬಂಡೆಯನ್ನು ಸಂಜೆ ಐದಕ್ಕೆ ಒಮ್ಮೆ ಅಂಗೈಯಿಂದ ಮುಟ್ಟಿ ನೋಡಲಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ದಿನವಿಡೀ ಕುಡಿದ ಬಿಸಿಲನ್ನು ಆಗ ಬಿಡುತ್ತಿರುತ್ತದೆ. ಕೆಂಪೇಗೌಡ ಗೋಪುರದ ತನಕ ಹತ್ತಬೇಕಿಲ್ಲ, ಬುಡದಲ್ಲಿ ಕೂತರೂ ಕಾಲಿಗೆ ಶಾಖ ತಾಗುತ್ತದೆ. ಬೆಳಗ್ಗೆ ಆರಕ್ಕೆ ಅದೇ ಬಂಡೆ ಐಸ್‌ಗಡ್ಡೆ.

ಈಗ ನಿಮಗೊಂದು ಪ್ರಶ್ನೆ, ಬೇಜಾರಾಗಬೇಡಿ ತಾಯಿ. ಐದೂವರೆಗೆ ಅವರು ಹೊರಡುವುದು ಹಟಕ್ಕೋ, ಏಳೂಮುಕ್ಕಾಲಿಗೆ ಬಸ್ಸಿಗೆ ಹಾಜರಾಗಬೇಕಲ್ಲ ಅಂತಲೋ? ನಿಮ್ಮ ಕಾಗದದಲ್ಲಿ ಬಸ್ಸಿನ ಸಾಲನ್ನು ಮತ್ತೆ ಓದಿ ನೋಡಿ. ಎಷ್ಟೋ ಮನೆಗಳಲ್ಲಿ ಹಿರಿಯರು ಬೆಳಕು ಹರಿಯುವ ಮುಂಚೆ ಹೊರಬೀಳುವುದು ಆರರಿಂದ ಎಂಟರ ತನಕ ಬಚ್ಚಲು, ಒಲೆ ಎಲ್ಲ ಮಕ್ಕಳದ್ದು, ತಾವು ಅಡ್ಡ ಆಗಬಾರದು ಅಂತ. ಮಗುವನ್ನು ಬಸ್ಸಿಗೆ ಹತ್ತಿಸಿ, ತಿಂಡಿ ತಿಂದು, ಸ್ವಲ್ಪ ಹೊತ್ತು ಬಿಟ್ಟು ಹೊರಡಲಿ. ಅಡ್ಡಿಯಾಗುವುದು ಗುಂಪು, ಬೈಟು ಕಾಫಿ ಗೆಳೆಯರನ್ನು ಬಿಟ್ಟು ಅವರೊಬ್ಬರೇ ಬರಲಾರರು. ಅವರ ವಾಟ್ಸಾಪ್ ಗ್ರೂಪಿಗೆ ನನ್ನ ಈ ಉತ್ತರದ ಫೋಟೋ ಹಾಕಿ. ಎದೆ ಹಿಡಿದದ್ದನ್ನು ಕಂಡ ಗೆಳೆಯರು ಹೊತ್ತು ಬದಲಿಸಲು ಒಪ್ಪಿಯಾರು.

ಪ್ರಶ್ನೆ: ನನಗೆ 68. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಚಳಿಗಾಲದಲ್ಲಿ ಅರ್ಧ ದಾರಿಗೇ ಮೂತ್ರಕ್ಕೆ ಅವಸರವಾಗುತ್ತದೆ. ಹಾಗಾಗಿ ಬೆಳಗ್ಗೆ ನೀರೂ ಕುಡಿಯುವುದಿಲ್ಲ, ಬಿ.ಪಿ. ಮಾತ್ರೆಯೂ ನುಂಗುವುದಿಲ್ಲ. ಸರಿಯೇ?

ಉತ್ತರ: ನೀವು ಕೇಳಿದಿರಿ, ನೂರು ಜನ ಕೇಳದೆ ಇದನ್ನೇ ಮಾಡುತ್ತಾರೆ. ಚಳಿಗೆ ರಕ್ತನಾಳ ಕುಗ್ಗಿದಾಗ ಮೂತ್ರಪಿಂಡ ಹೆಚ್ಚು ನೀರು ಹೊರಹಾಕುತ್ತದೆ, ಅದು ಸಹಜ. ಮಾತ್ರೆ ಬಿಡುವುದು ಮಾತ್ರ ಸಹಜ ಅಲ್ಲ, ಅಪಾಯ. ನಿಮ್ಮ ಬಿ.ಪಿ. ಮಾತ್ರೆಯಲ್ಲಿ ನೀರಿಳಿಸುವ ಔಷಧಿ ಇದೆಯೇ ಅಂತ ಡಾಕ್ಟರನ್ನು ಕೇಳಿ. ಇದ್ದರೆ ನಡೆದು ಬಂದ ಮೇಲೆ ನುಂಗಬಹುದೇ ಅಂತ ಅವರೇ ಹೇಳಲಿ. ರಾತ್ರಿಯಿಂದ ನೀರಿಲ್ಲದೆ ನಡೆದರೆ ತಲೆಸುತ್ತು ಬಂದೀತು. ಎದ್ದ ಕೂಡಲೇ ಒಂದು ಲೋಟ ಬಿಸಿನೀರು ಕುಡಿದು, ಮುಕ್ಕಾಲು ಗಂಟೆ ಬಿಟ್ಟು, ಮೂತ್ರಕ್ಕೆ ಹೋಗಿ ಬಂದು ಹೊರಡಿ. ಪೂರ್ತಿ ಸುತ್ತಲೇಬೇಕೆಂದೂ ಇಲ್ಲ. ಶೌಚಾಲಯ ಇರುವ ಕಡೆ ಹಿಡಿದು, ಅಲ್ಲೇ ಹತ್ತಿರ ಹೋಗಿ ಬಂದು ಮಾಡಿ. ಕೆಮ್ಮಿದಾಗ, ಸೀನಿದಾಗ ಜಿನುಗುವುದೂ ಇದ್ದರೆ ಸಂಕೋಚ ಬಿಟ್ಟು ಹೇಳಿಕೊಳ್ಳಿ, ಅದಕ್ಕೆ ವ್ಯಾಯಾಮಗಳಿವೆ.

ಪ್ರಶ್ನೆ: ಪಾರ್ಕಿನ ಕಬ್ಬಿಣದ ಜಿಮ್ ಸಾಮಾನುಗಳ ಮೇಲೆ ಚಳಿಯಲ್ಲಿ ವ್ಯಾಯಾಮ ಮಾಡಬಹುದೇ? ವಯಸ್ಸು 70, ಧಾರವಾಡ.

ಉತ್ತರ: ಹತ್ತು ನಿಮಿಷ ನಡೆದು ಮೈ ಬಿಸಿಯಾದ ಮೇಲೆ. ಹಿಡಿಕೆ ಮೇಲಿನ ಇಬ್ಬನಿ ಒರೆಸಲು ಕರವಸ್ತ್ರ ಒಯ್ಯಿರಿ. ಸೊಂಟ ತಿರುಗಿಸುವ ಆ ತಟ್ಟೆಯನ್ನು ಮೊಮ್ಮಕ್ಕಳಿಗೆ ಬಿಟ್ಟುಬಿಡಿ.