ಅಮ್ಮ ಒಬ್ಬಳೇ, ಕಾಗದದಲ್ಲಿ ಇಬ್ಬರು

"ಅಷ್ಟಕ್ಕೂ ನಿಮ್ಮ ಬಾಗೇಪಲ್ಲಿಗೆ ಯಾವ ರಾಜ್ಯದ ಕಾನೂನು?" ಅಂತ ಮೊನ್ನೆ ಕೇಳಿದೆಯಲ್ಲ, ಆಗಲೇ ಉತ್ತರ ಕೊಡಬೇಕಿತ್ತು. ನಮ್ಮದು ಆಂಧ್ರದ ಗಡಿಗೆ ಅಂಟಿದ ಊರು. ನಮ್ಮ ಮನೆಮಾತು ತೆಲುಗು ನಿಜ. ಓದಿದ್ದು ಕನ್ನಡ ಶಾಲೆಯಲ್ಲಿ, ಅರ್ಜಿ ಬರೆಯೋದು ಕನ್ನಡದಲ್ಲಿ. ನಾವು ಕರ್ನಾಟಕದವರು, ಇದರಲ್ಲಿ ನಮಗೆ ಯಾವತ್ತೂ ಅನುಮಾನ ಬಂದಿಲ್ಲ.

ಗಡಿಯಿಂದ ಆಗುವ ತೊಂದರೆ ಬೇರೆ. ಆಂಧ್ರದ ಮದನಪಲ್ಲಿಯ ವ್ಯಾಪಾರಿ ಟೊಮೆಟೊಗೆ ಕೊಟ್ಟ ಚೆಕ್ ಬೌನ್ಸ್ ಆದರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅವನ ಬ್ಯಾಂಕ್ ಇರುವ ಊರಿಗೇ ಹೋಗಿ ಕೇಸು ಹಾಕಬೇಕಿತ್ತು. 2015ರ ತಿದ್ದುಪಡಿ ಬಂದಮೇಲೆ ನಮ್ಮ ಖಾತೆ ಇರುವ ಊರಿನಲ್ಲೇ ಹಾಕಬಹುದು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂತ ಠಾಣೆಯಿಂದ ವಾಪಸ್ ಕಳಿಸೋದಕ್ಕೂ ಈಗ ದಾರಿಯಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಗಂಭೀರ ಅಪರಾಧ ಎಲ್ಲೇ ನಡೆದಿದ್ದರೂ ದೂರು ತಗೋಬೇಕು ಅಂತ ಸ್ಪಷ್ಟವಾಗಿದೆ. ಗಡಿಯಲ್ಲಿರುವವರಿಗೆ ಇದು ಎಷ್ಟು ದೊಡ್ಡದು ಅಂತ ನಿನಗೆ ಹೇಳಿದರೆ ತಿಳಿಯೋದು ಕಷ್ಟ.

ನಾವು ಒದ್ದಾಡುತ್ತಿರೋದು ಅಮ್ಮನ ಪಾಲಿಗೆ. ತಾತನ, ಅಂದರೆ ಅಮ್ಮನ ಅಪ್ಪನ, ಪಿತ್ರಾರ್ಜಿತ ಜಮೀನು ಮೂರು ಎಕರೆ ಈ ಕಡೆ, ಎರಡು ಎಕರೆ ಆ ಕಡೆ ಆಂಧ್ರದ ಚಿಲಮತ್ತೂರು ಮಂಡಲದಲ್ಲಿ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಆಂಧ್ರದಲ್ಲಿ 1985ರ ಸೆಪ್ಟೆಂಬರ್ 5ರಿಂದ ಜಾರಿ, ಕರ್ನಾಟಕದಲ್ಲಿ 1994ರ ಜುಲೈ 30ರಿಂದ. ಆಯಾ ರಾಜ್ಯದ ತಾರೀಖಿಗೆ ಮೊದಲೇ ಮದುವೆಯಾದವರಿಗೆ ಎರಡು ಕಡೆಯೂ ಆ ಪಾಲು ಇರಲಿಲ್ಲ. ಅಮ್ಮನ ಮದುವೆ 1991ರಲ್ಲಿ. ಆಂಧ್ರದ ತಾರೀಖು ನೋಡಿದರೆ ಅವಳು ಪಾಲುದಾರಳು, ಕರ್ನಾಟಕದ್ದು ನೋಡಿದರೆ ಹೊರಗಿನವಳು. ಒಂದೇ ಅಪ್ಪನ ಮಗಳು! 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಈ ಭೇದ ತೆಗೆದುಹಾಕಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ತಾತ ತೀರಿಕೊಂಡದ್ದು 2001ರಲ್ಲಿ. ತೀರ್ಪಿನ ಸುದ್ದಿ ಬಂದ ದಿನ ಅಮ್ಮ ಟೀವಿ ಮುಂದಿನಿಂದ ಏಳಲೇ ಇಲ್ಲ.

ಮಾವ, ಅಂದರೆ ಅಮ್ಮನ ತಮ್ಮ, ಹೇಳೋದು 1998ರಲ್ಲೇ ಬಾಯಿಮಾತಲ್ಲಿ ಪಾಲಾಗಿದೆ ಅಂತ. 2004ರ ಡಿಸೆಂಬರ್ 20ಕ್ಕೆ ಮುಂಚಿನ ವಿಭಾಗವನ್ನು ಕಾನೂನು ಮುಟ್ಟೋದಿಲ್ಲ, ಸರಿ. ಆದರೆ ನೋಂದಣಿ ಪತ್ರವಾಗಲಿ, ಕೋರ್ಟಿನ ಡಿಕ್ರಿಯಾಗಲಿ ಇರಬೇಕು. ಬಾಯಿಮಾತಿನ ವಿಭಾಗವನ್ನು ಅಷ್ಟು ಸುಲಭವಾಗಿ ಒಪ್ಪಬಾರದು, ಅಪರೂಪಕ್ಕೆ ಒಪ್ಪಿದರೂ ಸರ್ಕಾರಿ ದಾಖಲೆಯ ಬೆಂಬಲ ಬೇಕು ಅಂತಲೂ ಅದೇ ತೀರ್ಪಿನಲ್ಲಿದೆ. ಮಾವನ ಹತ್ತಿರ ಒಂದು ಚೀಟಿಯೂ ಇಲ್ಲ. ಜಮೀನು ಎರಡು ರಾಜ್ಯದಲ್ಲಿದ್ದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಮಿನಂತೆ ಒಂದೇ ದಾವೆ ಸಾಕು, ಹಾಗಾಗಿ ಇಲ್ಲೇ ಹಾಕಿದೆವು.

ಸಿಕ್ಕಿಬಿದ್ದಿದ್ದು ಹೆಸರಲ್ಲಿ. ಇಲ್ಲಿನ ಪಹಣಿ, ವಂಶವೃಕ್ಷಗಳಲ್ಲಿ ಅಮ್ಮನದು ಬರೀ ಹೆಸರು. ಆ ಕಡೆಯ ಅಡಂಗಲ್‌ನಲ್ಲಿ (ನಮ್ಮ ಪಹಣಿಯಂಥ ಜಮೀನು ದಾಖಲೆ) ಇಂಟಿಪೇರು, ಅಂದರೆ ಮನೆತನದ ಹೆಸರು, ಮೊದಲು, ಅವಳ ಹೆಸರು ಆಮೇಲೆ, ಅದೂ ತೆಲುಗು ಲಿಪಿಯಲ್ಲಿ. ಹಳೇ ಕಾಗದಗಳಲ್ಲಿ ನಮ್ಮದು ಕೋಲಾರ ಜಿಲ್ಲೆ, ಅವರದು ಅನಂತಪುರ. 2007ರಲ್ಲಿ ನಾವು ಚಿಕ್ಕಬಳ್ಳಾಪುರವಾದೆವು, 2022ರಲ್ಲಿ ಅವರು ಶ್ರೀ ಸತ್ಯಸಾಯಿ ಜಿಲ್ಲೆಯಾದರು. ಇವಳೂ ಅವಳೂ ಒಬ್ಬಳೇ ಅಂತ ಹೇಗೆ ನಂಬೋದು ಅನ್ನೋದು ಎದುರು ಪಕ್ಷದ ಪ್ರಶ್ನೆ. ಕೇಳುವವರು ಅವಳ ಒಡಹುಟ್ಟಿದ ತಮ್ಮ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಕಳೆದ ವಾರ ಅಮ್ಮ ನೋಟರಿ ಮುಂದೆ ಕೂತು, ಈ ಎರಡೂ ಹೆಸರಿನವಳು ತಾನೊಬ್ಬಳೇ ಅಂತ ಮೂರನೇ ಸಲ ಅಫಿಡವಿಟ್‌ಗೆ ಸಹಿ ಹಾಕಿದಳು. ಮುಂದಿನ ವಾಯಿದೆಗೆ ಅಡಂಗಲ್‌ನ ಕನ್ನಡ ಅನುವಾದ ಕೊಡಬೇಕು. ಬೆಂಗಳೂರಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಅನುವಾದಕರು ಯಾರಾದರೂ ನಿನಗೆ ಗೊತ್ತಿದ್ದರೆ ಇವತ್ತೇ ಹೇಳು.