ಟಿಆರ್‌ಜಿ 22 ಮತ್ತು ರೆಮಿಂಗ್ಟನ್ 700: ಟೆಕ್ಸಾಸ್‌ನ ಮಿತ್ರರಿಗೆ ಪ್ರತಿಕ್ರಿಯೆ

ಮಾನ್ಯರೇ, ಆರುನೂರು ಗಜದ ಗುರಿ ಅಭ್ಯಾಸಕ್ಕೆ ಸಾಕೋ ಕಂಪನಿಯ ಟಿಆರ್‌ಜಿ 22 ರೈಫಲ್ ಕೊಳ್ಳಬೇಕೇ ಅಥವಾ ಸೇನೆಯ ಸ್ನೈಪರ್ ರೈಫಲ್ ಎಂ24ರ ಮಾದರಿಯಲ್ಲಿ ಸಜ್ಜುಗೊಳಿಸಿದ ಹಳೆಯ ರೆಮಿಂಗ್ಟನ್ 700 ಸಾಕೇ ಎಂದು ಕೇಳಿದ್ದೀರಿ. 1988ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಎಂ24, 1962ರಲ್ಲಿ ನಾಗರಿಕರಿಗಾಗಿಯೇ ಮಾರುಕಟ್ಟೆಗೆ ಬಂದ ಈ 700ರ ಆಧಾರದ ಮೇಲೆಯೇ ರೂಪುಗೊಂಡದ್ದರಿಂದ, 'ಸೇನೆಯದು' ಎಂಬ ಹಣೆಪಟ್ಟಿಗೆ ಹೆಚ್ಚು ಹಣ ತೆರುವುದು ನನಗೆ ಸರಿಕಾಣದು.

ಟಿಆರ್‌ಜಿಯಲ್ಲಿ ಭುಜಕ್ಕೆ ಆನುವ ಹಿಂಬದಿಯ ಉದ್ದ, ಕೆನ್ನೆಯಾನಿಕೆ, ಟ್ರಿಗರ್ ಎಲ್ಲವನ್ನೂ ಮೈಕಟ್ಟಿಗೆ ಹೊಂದಿಸಿಕೊಳ್ಳಬಹುದು. ಬೆಲೆ ಮಾತ್ರ ಬಹಳ ಹೆಚ್ಚು. 700ಕ್ಕೆ ಬಿಡಿಭಾಗಗಳು ಎಲ್ಲೆಡೆ ದೊರೆಯುತ್ತವೆ, ನಳಿಕೆ ಬದಲಿಸುವ ಕುಶಲಕರ್ಮಿಗಳೂ ಅನೇಕರಿದ್ದಾರೆ. ಆದರೆ ನೀವು ನೋಡಿರುವುದು 2006ರಿಂದ 2014ರ ನಡುವಿನದಾದರೆ, ಅದರ ಎಕ್ಸ್‌-ಮಾರ್ಕ್ ಪ್ರೊ ಟ್ರಿಗರ್ ಸುರಕ್ಷತಾ ಕಾರಣಕ್ಕೆ ಹಿಂಪಡೆಯಲಾದ ಪಟ್ಟಿಯಲ್ಲಿದೆಯೇ, ದುರಸ್ತಿಯಾಗಿದೆಯೇ ಎಂಬುದನ್ನು ಕ್ರಮಸಂಖ್ಯೆಯಿಂದ ಖಚಿತಪಡಿಸಿಕೊಳ್ಳದೆ ಮುಂಗಡ ಕೊಡಬೇಡಿ.

ಗುಂಡಿನ ವಿಷಯದಲ್ಲಿ, ನಿಮ್ಮ ಮುಂದಿರುವ ಎರಡು ಬಗೆಯ ಗುಂಡುಗಳಲ್ಲಿ 6.5 ಕ್ರೀಡ್‌ಮೂರ್ ಗಾಳಿಗೆ ಕಡಿಮೆ ಸರಿಯುತ್ತದೆ, ಒದೆತವೂ ಹಗುರ; .308ರ ನಳಿಕೆ ಹೆಚ್ಚು ಕಾಲ ಬಾಳುತ್ತದೆ. ವಾರವಾರವೂ ಅಭ್ಯಾಸ ಮಾಡುವ ಹೊಸಬರಾದ ನಿಮಗೆ .308ರಲ್ಲಿ 700 ಕೊಂಡು, ಉಳಿದ ಹಣವನ್ನು ರೈಫಲ್‌ಗೆ ಕೂರಿಸುವ ಒಳ್ಳೆಯ ದೂರದರ್ಶಕಕ್ಕೂ (ಸ್ಕೋಪ್) ಗುಂಡಿಗೂ ಹಾಕುವಂತೆ ಹೇಳುತ್ತೇನೆ.