ಹನ್ನೊಂದೂಕಾಲಕ್ಕೆ ಸತ್ತನೆಂದು ಹೇಳುವ ಡಾಕ್ಟರು

ಬಳ್ಳಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಶವಪರೀಕ್ಷೆ ಮಾಡಿ, ಅದನ್ನೇ ಪಾಠ ಹೇಳಿ ನಿವೃತ್ತನಾದ ನನಗೆ ಈ ಅಂಕಣಕ್ಕೆ ಬರುವ ಪತ್ರಗಳನ್ನು ಓದುವಾಗಲೆಲ್ಲ ಒಂದು ಅನುಮಾನ ಬರುತ್ತದೆ. ಓದುಗರು ಪ್ರಶ್ನೆ ಕೇಳುತ್ತಿರುವುದು ನನ್ನನ್ನಲ್ಲ, ಟಿವಿಯಲ್ಲಿ ಬರುವ ಇನ್ನೊಬ್ಬ ಡಾಕ್ಟರನ್ನು. 1998ರಲ್ಲಿ ಶುರುವಾದ ಹಿಂದಿಯ ‘ಸಿಐಡಿ’ ಧಾರಾವಾಹಿಯ ಡಾಕ್ಟರ್ ಸಾಳುಂಕೆ ಎಸಿಪಿಯೊಂದಿಗೆ ಜಗಳವಾಡುತ್ತ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ಅಲ್ಲಾಡಿಸುತ್ತಾರೆ. ಅಮೆರಿಕದ ‘ಎನ್‌ಸಿಐಎಸ್’ ಧಾರಾವಾಹಿಯ ಡಕ್ಕಿ ಎಂಬ ವೃದ್ಧ ವೈದ್ಯರು ಮೇಜಿನ ಮೇಲಿನ ಹೆಣದೊಂದಿಗೆ ಹರಟೆ ಹೊಡೆಯುತ್ತಾರೆ. ಇಬ್ಬರನ್ನೂ ನೋಡಿ ನಾನೂ ನಕ್ಕಿದ್ದೇನೆ, ಅವರ ವಿಚಿತ್ರ ಸ್ವಭಾವದ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಅವರ ಆತ್ಮವಿಶ್ವಾಸದ ಬಗ್ಗೆ. ಏಕೆಂದರೆ ಅದನ್ನು ನೋಡಿ ಬಂದವರು ಶವಾಗಾರದ ಬಾಗಿಲಲ್ಲಿ ನಿಂತು ನನ್ನ ಶಿಷ್ಯರನ್ನು ಗದರಿಸುತ್ತಾರೆ.

ಪ್ರಶ್ನೆ: ಧಾರಾವಾಹಿಯ ಡಾಕ್ಟರು ಹೆಣ ಮುಟ್ಟಿ ನೋಡಿ ‘ರಾತ್ರಿ ಹನ್ನೊಂದೂಕಾಲಕ್ಕೆ ಸತ್ತಿದ್ದಾನೆ’ ಎನ್ನುತ್ತಾರೆ. ನಮ್ಮ ಸಂಬಂಧಿಕರೊಬ್ಬರ ಪಿಎಂ (ಶವಪರೀಕ್ಷೆ) ವರದಿಯಲ್ಲಿ ಮಾತ್ರ ‘12ರಿಂದ 24 ಗಂಟೆಯೊಳಗೆ’ ಎಂದಷ್ಟೇ ಬರೆದಿದ್ದಾರೆ. ಡಾಕ್ಟರಿಗೆ ಗೊತ್ತಾಗಲಿಲ್ಲವೋ, ಬೇಕೆಂದೇ ಮುಚ್ಚಿಟ್ಟರೋ? (ಸಿರುಗುಪ್ಪದ ಓದುಗರು)

ಉತ್ತರ: ಗೊತ್ತಿದ್ದುದರಿಂದಲೇ ಹಾಗೆ ಬರೆದಿದ್ದಾರೆ. ಈ ಪ್ರಶ್ನೆಗೆ ಇದು ನಾಲ್ಕನೆಯ ಸಲ ಉತ್ತರ ಬರೆಯುತ್ತಿದ್ದೇನೆ, ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಟಿವಿಯ ಡಾಕ್ಟರು ನಂಬಿರುವುದು ಹೆಣ ತಣ್ಣಗಾಗುವ ಲೆಕ್ಕವನ್ನು. ಬದುಕಿದ್ದಾಗ ಸುಮಾರು 37 ಡಿಗ್ರಿ ಇದ್ದ ಮೈ, ಸತ್ತ ಮೇಲೆ ಸುತ್ತಲಿನ ಗಾಳಿಯಷ್ಟು ತಣ್ಣಗಾಗುವವರೆಗೆ ನಿಧಾನವಾಗಿ ಬಿಸಿ ಕಳೆದುಕೊಳ್ಳುತ್ತದೆ. ಈ ಲೆಕ್ಕಕ್ಕೆ ಈಗ ಬಳಕೆಯಲ್ಲಿರುವ ಪ್ರಸಿದ್ಧ ವಿಧಾನವೆಂದರೆ ಜರ್ಮನಿಯ ಕ್ಲಾಸ್ ಹೆನ್ಸ್‌ಗೆ (Henssge) ಎಂಬವರು ರೂಪಿಸಿದ ನಕ್ಷೆ. ಗುದದ್ವಾರದ ಉಷ್ಣತೆ, ಕೋಣೆಯ ಉಷ್ಣತೆ, ದೇಹದ ತೂಕ, ಮೈಮೇಲಿದ್ದ ಬಟ್ಟೆ, ಗಾಳಿಯಾಡುತ್ತಿತ್ತೋ ಇಲ್ಲವೋ ಎಂಬುದನ್ನೆಲ್ಲ ಸೇರಿಸಿ ಅಳೆದರೂ, ಎಲ್ಲವೂ ಅನುಕೂಲವಾಗಿದ್ದಾಗ ಕೂಡ ಆ ನಕ್ಷೆ ಹಿಂದೆ 2.8 ಗಂಟೆ, ಮುಂದೆ 2.8 ಗಂಟೆ ವ್ಯತ್ಯಾಸವನ್ನು ತಾನೇ ಒಪ್ಪಿಕೊಳ್ಳುತ್ತದೆ. ಅಂದರೆ ಐದೂವರೆ ಗಂಟೆಗೂ ಮಿಕ್ಕಿದ ಅವಕಾಶ. ಹನ್ನೊಂದೂಕಾಲು ಎಲ್ಲಿಂದ ಬಂತು?

ಇದು ತಂಪು ದೇಶದ ಮಾತಾಯಿತು. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ತಗಡಿನ ಶೆಡ್ಡಿನೊಳಗೆ ಬಿದ್ದಿರುವ ಹೆಣವನ್ನು ನೆನೆಸಿಕೊಳ್ಳಿ. ಹೊರಗೆ 42 ಡಿಗ್ರಿ, ತಗಡಿನ ಕೆಳಗೆ ಅದಕ್ಕಿಂತ ಹೆಚ್ಚು. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ಮೈ ತಣ್ಣಗಾಗುವುದಾದರೂ ಹೇಗೆ? ಕೆಲವೊಮ್ಮೆ ಇನ್ನಷ್ಟು ಬಿಸಿಯೇ ಆಗುತ್ತದೆ. ಅಲ್ಲಿ ಥರ್ಮಾಮೀಟರು ಹಿಡಿದು ಗಂಟೆ ಹೇಳಲು ಹೊರಟವನು ಗಿಣಿಶಾಸ್ತ್ರ ಹೇಳಿದರೂ ಅಷ್ಟೇ.

ಇನ್ನು ಹೆಣ ಸೆಟೆದುಕೊಳ್ಳುವ ಲೆಕ್ಕ. ನಮ್ಮ ಪಠ್ಯಪುಸ್ತಕಗಳಲ್ಲಿ ಹನ್ನೆರಡರ ಸೂತ್ರವೊಂದಿದೆ: ಸತ್ತು ಒಂದೆರಡು ಗಂಟೆಗೆ ರೆಪ್ಪೆ, ದವಡೆಯಿಂದ ಬಿಗಿತ ಆರಂಭವಾಗಿ ಸುಮಾರು 12 ಗಂಟೆಯಲ್ಲಿ ಇಡೀ ದೇಹ ಸೆಟೆಯುತ್ತದೆ, ಇನ್ನೊಂದು 12 ಗಂಟೆ ಹಾಗೇ ಇರುತ್ತದೆ, ಮತ್ತೊಂದು 12 ಗಂಟೆಯಲ್ಲಿ ಸಡಿಲಾಗುತ್ತದೆ. ಈ ಸೂತ್ರವನ್ನು ಬಾಯಿಪಾಠ ಮಾಡಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಒಂದು ಬೇಸಿಗೆಯಲ್ಲಿ ಚೆನ್ನಾಗಿ ಪಾಠ ಕಲಿತೆ. ಹತ್ತಿ ಅಂಡಿಗೆ ಹೊರುತ್ತಿದ್ದ ಹಮಾಲಿಯೊಬ್ಬನ ಹೆಣ ಸಂಜೆ ಬಂತು. ಕೈ ಎತ್ತಿದರೆ ಹಲಗೆಯಂತೆ ಇಡೀ ಮೈ ಜೊತೆಗೇ ಎದ್ದು ಬರುತ್ತಿತ್ತು. ಹನ್ನೆರಡು ಗಂಟೆಯಾದರೂ ಆಗಿರಬೇಕು, ಬೆಳಗಿನ ಜಾವವೇ ಸತ್ತಿದ್ದಾನೆ ಎಂದು ಪೊಲೀಸರೆದುರು ಠೀವಿಯಿಂದ ಹೇಳಿಬಿಟ್ಟೆ. ಪಂಚನಾಮೆಯ ಕಾಗದ ಹಿಡಿದು ನಿಂತಿದ್ದ ಮುಖ್ಯ ಪೇದೆ ಏನೂ ಮಾತನಾಡದೆ, ಹೆಣದ ಅಂಗಿಯ ಜೇಬಿನಿಂದ ತೆಗೆದು ಹಾಳೆಗೆ ಅಂಟಿಸಿದ್ದ ಬಸ್ ಟಿಕೆಟನ್ನು ನನ್ನ ಮುಂದೆ ಹಿಡಿದರು. ಬೆವರಿಗೆ ನೆನೆದು ಒಣಗಿದ್ದ ಆ ಚೀಟಿಯ ಮೇಲೆ ಅದೇ ದಿನದ ಹಗಲು ಹನ್ನೊಂದು ಗಂಟೆ ದಾಟಿದ ಸಮಯ ಬರೆದಿತ್ತು. ಸೆಕೆಯಲ್ಲಿ, ಅದರಲ್ಲೂ ಸಾಯುವ ಮುನ್ನ ಮೈಮುರಿದು ದುಡಿದವರಲ್ಲಿ, ಬಿಗಿತ ಬೇಗ ಬಂದು ಬೇಗ ಹೋಗುತ್ತದೆ ಎಂಬುದು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು. ನಾನು ಆ ಪುಟ ಮಗುಚಿರಲಿಲ್ಲ. ಆ ಪೇದೆ ಅಲ್ಲಿ ಇಲ್ಲದಿದ್ದರೆ, ಆ ಹಮಾಲಿಯೊಂದಿಗೆ ಹಿಂದಿನ ರಾತ್ರಿ ಒಂದೇ ಕೋಣೆಯಲ್ಲಿ ಮಲಗಿದ್ದವನು ನನ್ನ ಒಂದು ಮಾತಿಗೆ ಠಾಣೆ ಹತ್ತುತ್ತಿದ್ದ. ಅಂದಿನಿಂದ ಹೆಣದ ಜೊತೆಗೆ ಬಂದ ಪಂಚನಾಮೆಯನ್ನು ಓದದೆ ನಾನು ಅವಧಿ ಬರೆದಿಲ್ಲ.

ಉಳಿದ ಗುರುತುಗಳೂ ಹೀಗೆಯೇ. ಹೊಟ್ಟೆಯ ಬಲಗಡೆ ಕೆಳಗೆ ಮೂಡುವ ಹಸಿರು ಕಲೆ ಬೇಸಿಗೆಯಲ್ಲಿ 12ರಿಂದ 24 ಗಂಟೆಯೊಳಗೆ ಬಂದರೆ, ಚಳಿಗಾಲದಲ್ಲಿ ಒಂದೆರಡು ದಿನವೇ ಹಿಡಿಯಬಹುದು. ಜಠರದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಸಿಕ್ಕರೆ ಏನು ತಿಂದನೆಂದು ಹೇಳಬಲ್ಲೆನೇ ಹೊರತು, ತಿಂದು ಎರಡೇ ಗಂಟೆಗೆ ಸತ್ತನೆಂದು ಆಣೆ ಮಾಡಲಾರೆ, ಏಕೆಂದರೆ ಭಯ, ನೋವು, ತಲೆಗೆ ಬಿದ್ದ ಪೆಟ್ಟು ಇವು ಜೀರ್ಣಕ್ರಿಯೆಯನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸುತ್ತವೆ. ಇದರ ಮೇಲೆ, ಬಂಧುಗಳು ದೂರದೂರಿನಿಂದ ಬರಲಿ ಎಂದು ಹೆಣವನ್ನು ಬಾಡಿಗೆ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟು, ಆಮೇಲೆ ಯಾರೋ ಅನುಮಾನ ಎತ್ತಿ ನಮ್ಮಲ್ಲಿಗೆ ತಂದರೆ ಈ ಎಲ್ಲ ಲೆಕ್ಕಗಳೂ ಅಲ್ಲಿಗೇ ಮುಗಿದವು. ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು ಇಟ್ಟಿದ್ದಿರೆಂದು ಕೇಳಿದಾಗ ‘ಸ್ವಲ್ಪ ಹೊತ್ತು’ ಎನ್ನಬೇಡಿ, ದಯವಿಟ್ಟು ಗಂಟೆ ಹೇಳಿ.

ಆದ್ದರಿಂದ ನಿಮ್ಮ ಸಂಬಂಧಿಕರ ವರದಿ ಬರೆದ ವೈದ್ಯರು ಏನನ್ನೂ ಮುಚ್ಚಿಟ್ಟಿಲ್ಲ. ಅವರು ಕೊಟ್ಟ ಅವಧಿಯನ್ನು, ಸತ್ತವರನ್ನು ಕೊನೆಯ ಬಾರಿ ಕಂಡವರು ಯಾರು, ಮೊಬೈಲಿಗೆ ಕೊನೆಯ ಕರೆ ಬಂದದ್ದು ಯಾವಾಗ, ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಎತ್ತದೆ ಬಿದ್ದಿತ್ತೇ ಎಂಬುದರೊಂದಿಗೆ ಹೊಂದಿಸಿ ನೋಡಬೇಕಾದವರು ತನಿಖಾಧಿಕಾರಿಗಳು. ನಿಮಿಷ ಸಮೇತ ಸಮಯ ಬರೆದ ವರದಿ ನನ್ನ ಕೈಗೆ ಬಂದರೆ ನಾನು ಮೊದಲು ಅನುಮಾನಿಸುವುದು ಅದನ್ನು ಬರೆದವರನ್ನೇ.

ಪ್ರಶ್ನೆ: ಟಿವಿಯಲ್ಲಿ ಡಾಕ್ಟರೇ ಸ್ಥಳಕ್ಕೆ ಬಂದು ಸಾಕ್ಷಿಗಳನ್ನು ಪ್ರಶ್ನಿಸಿ ಕೊಲೆಗಾರನನ್ನು ಹಿಡಿಯುತ್ತಾರೆ. ನಮ್ಮಲ್ಲಿ ಏಕೆ ಇಲ್ಲ? (ಕುಷ್ಟಗಿ)

ಉತ್ತರ: ಅವರ ಕಾನೂನು ಬೇರೆ, ನಮ್ಮದು ಬೇರೆ. ಸಾವಿನ ತನಿಖೆಗೆಂದೇ ವೈದ್ಯನನ್ನು ನೇಮಿಸುವ ಪದ್ಧತಿಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1877ರಲ್ಲಿಯೇ ತಂದಿತು. ನಮ್ಮಲ್ಲಿ ಅನುಮಾನಾಸ್ಪದ ಸಾವಿನ ಪಂಚನಾಮೆ ಮಾಡುವವರು ಪೊಲೀಸರು. ಮೊದಲು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 174ನೆಯ ಕಲಂ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಂ ಆಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡರೆ ದಂಡಾಧಿಕಾರಿಗಳ ವಿಚಾರಣೆ ಆಗಬೇಕು, ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಕೇಳಿದ್ದಕ್ಕೆ ಉತ್ತರ ಬರೆಯುವುದು ಡಾಕ್ಟರ ಕೆಲಸ, ಸಾಕ್ಷಿಯ ಕೊರಳಪಟ್ಟಿ ಹಿಡಿಯುವುದಲ್ಲ.

ಪ್ರಶ್ನೆ: ನಮ್ಮ ಅಣ್ಣ ಮಲಗಿದಲ್ಲೇ ತೀರಿಕೊಂಡ. ಉಗುರು ನೀಲಿಯಾಗಿದ್ದುದರಿಂದ ವಿಷ ಹಾಕಿದ್ದಾರೆಂದು ಊರಿನ ನಾಟಿ ವೈದ್ಯರು ಹೇಳಿದರು. ಪಿಎಂ ಮಾಡಿದವರು ಮಾತ್ರ ಅಭಿಪ್ರಾಯ ಕಾಯ್ದಿರಿಸಿದ್ದಾರೆ. ಟಿವಿಯಲ್ಲಿ ಅರ್ಧ ನಿಮಿಷದಲ್ಲಿ ವಿಷ ಪತ್ತೆಯಾಗುತ್ತದಲ್ಲ? (ಸಿಂಧನೂರು)

ಉತ್ತರ: ಉಗುರು ನೀಲಿಯಾಗಲು ಹೃದಯಾಘಾತವೂ ಸಾಕು, ಉಸಿರುಗಟ್ಟುವುದೂ ಸಾಕು. ನಿಮ್ಮ ನಾಟಿ ವೈದ್ಯರು ಒಂದು ಮನೆಯವರನ್ನು ಇನ್ನೊಂದು ಮನೆಯವರ ಮೇಲೆ ಎತ್ತಿಕಟ್ಟಿ ಎದ್ದುಹೋದರು, ಅದರ ಫಲ ಉಣ್ಣುವವರು ನೀವು. ವಿಷದ ಅನುಮಾನವಿದ್ದಾಗ ನಾವು ಜಠರವನ್ನು ಅದರೊಳಗಿನ ಪದಾರ್ಥ ಸಮೇತ, ಸಣ್ಣ ಕರುಳಿನ ಸುಮಾರು 30 ಸೆಂಟಿಮೀಟರ್, ಪಿತ್ತಕೋಶದೊಂದಿಗೆ ಯಕೃತ್ತಿನ ಅರ್ಧ ಕಿಲೋ, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ, ಜೊತೆಗೆ ರಕ್ತ ತೆಗೆದಿಡುತ್ತೇವೆ. ಒಳಾಂಗಗಳನ್ನು ಅಗಲ ಬಾಯಿಯ ಗಾಜಿನ ಭರಣಿಗಳಲ್ಲಿ, ತಳದಲ್ಲಿ ಕರಗದೆ ಉಪ್ಪು ಉಳಿಯುವಷ್ಟು ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ, ಅರಗಿನ ಮುದ್ರೆ ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪೊಲೀಸರ ಕೈಯಲ್ಲಿ ಕಳಿಸುತ್ತೇವೆ. ಫಾರ್ಮಲಿನ್ ಹಾಕಿದರೆ ವಿಷ ಪತ್ತೆ ಮಾಡುವುದೇ ಕಷ್ಟ. ವರದಿ ಬರುವ ತನಕ ಅಭಿಪ್ರಾಯ ಕಾಯ್ದಿರಿಸುವುದು ಸರಿಯಾದ ಕ್ರಮ. ತಡವಾಗುತ್ತದೆ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ, ನನಗೂ ಇತ್ತು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮದು ಭತ್ತದ ಸೀಮೆ, ನೆಲದ ಮೇಲೆ ಮಲಗುವವರು ಬಹಳ. ಕಟ್ಟುಹಾವು ರಾತ್ರಿ ನಿದ್ದೆಯಲ್ಲಿರುವವರನ್ನು ಕಚ್ಚುತ್ತದೆ. ಬಾವು ಬರುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತು ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಹುಡುಕಿದರೂ ಕೆಲವೊಮ್ಮೆ ಸಿಗುವುದಿಲ್ಲ. ಬೆಳಗಾಗುವುದರೊಳಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಉಸಿರು ಕಟ್ಟುವುದು ಶುರುವಾದರೆ ಬೇವಿನ ಸೊಪ್ಪು ಹಿಡಿದು ಮಂತ್ರ ಹಾಕುವವರ ಬಳಿ ಒಂದು ನಿಮಿಷವೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಮಂತ್ರ ಮುಗಿಸಿಕೊಂಡು ಬಂದವರನ್ನು ನಾನು ನನ್ನ ಮೇಜಿನ ಮೇಲೆ ಕಂಡಿದ್ದೇನೆ.

ಪ್ರಶ್ನೆ: ಸತ್ತ ಮೇಲೂ ಕೂದಲು, ಉಗುರು ಬೆಳೆಯುತ್ತವೆಯೇ?

ಉತ್ತರ: ಇಲ್ಲ, ಚರ್ಮ ಒಣಗಿ ಹಿಂದೆ ಸರಿಯುತ್ತದೆ, ಅದರಿಂದ ಅವು ಬೆಳೆದಂತೆ ಕಾಣುತ್ತವೆ ಅಷ್ಟೇ.

ಪ್ರಶ್ನೆ: ಸುಟ್ಟ ಹೆಣದ ಮುಷ್ಟಿ ಬಿಗಿದು ಕೈ ಮೇಲೆತ್ತಿತ್ತು. ಹೊಡೆದಾಡಿ ಸತ್ತಿರಬಹುದೇ?

ಉತ್ತರ: ಬೆಂಕಿಯ ಕಾವಿಗೆ ಸ್ನಾಯುಗಳು ಮುದುಡಿ ಹಾಗಾಗುತ್ತದೆ, ಸತ್ತ ಮೇಲೆ ಸುಟ್ಟರೂ ಹಾಗೆಯೇ ಆಗುತ್ತದೆ.

ಪ್ರಶ್ನೆ: ರಾತ್ರಿ ಪಿಎಂ ಮಾಡಬಾರದೆಂಬ ನಿಯಮವಿದೆಯೇ?

ಉತ್ತರ: ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನಾಸ್ಪದ ಸಾವು ಇವಕ್ಕೆ, ಕಾನೂನು ಸುವ್ಯವಸ್ಥೆಯ ಸಮಸ್ಯೆ ಇದ್ದರೆ ಹೊರತು, ಈ ಸಡಿಲಿಕೆ ಇಲ್ಲ. ಗಾಯದ ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡುವುದೇ ನನಗೆ ಇಷ್ಟ.

ಪ್ರಶ್ನೆ: ನೀವೂ ಟಿವಿಯ ಡಾಕ್ಟರಂತೆ ಹೆಣದ ಪಕ್ಕ ಕೂತು ತಿನ್ನುತ್ತಿದ್ದಿರಾ, ಅದರೊಂದಿಗೆ ಮಾತನಾಡುತ್ತಿದ್ದಿರಾ? (ಹೊಸಪೇಟೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಿನ್ನುತ್ತಿರಲಿಲ್ಲ. ಹೆಣದ ಶ್ವಾಸಕೋಶದಿಂದಲೂ ಕ್ಷಯ ಅಂಟುತ್ತದೆ, ಆದ್ದರಿಂದ ಮಿರ್ಚಿ ಮಂಡಕ್ಕಿ ತಿನ್ನುವುದಿದ್ದರೆ ಸೋಪು ಹಚ್ಚಿ ಕೈ ತೊಳೆದು ಗೇಟು ದಾಟಿ ಹೋಗುತ್ತಿದ್ದೆವು. ಮಾತನಾಡುತ್ತಿದ್ದುದು ಸಹಾಯಕನೊಂದಿಗೆ. ಅವನು ತಕ್ಕಡಿ ನೋಡಿ ತೂಕ ಕೂಗುತ್ತಿದ್ದ, ನಾನು ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಬರೆದುಕೊಳ್ಳುತ್ತಿದ್ದೆ.